ಹೊಸಿಲಿಗೆ ಕೊಟ್ಟ ಮಾತು

“ಹೊರಡೋವಾಗ ‘ಬರ್ತೀನಿ’ ಅನ್ಬೇಡ ಕಣಮ್ಮ. ‘ಹೋಗ್ತೀನಿ’ ಅನ್ನು. ಇಲ್ದಿದ್ರೆ ಬಾಯಿ ಮುಚ್ಕೊಂಡು ಹೊರಟ್ಬಿಡು.”

ಕಸ ಗುಡಿಸುವ ತುಳಸಮ್ಮ ಇದನ್ನು ಹೇಳಿದ್ದು ಪಿಸುಮಾತಿನಲ್ಲಿ, ಅದೂ ಹೊಸಿಲಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು. ಸಂಧ್ಯಾ ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡಿಯಾಳು? ಚಿಕ್ಕವಳಿದ್ದಾಗ ಅಜ್ಜಿ ತಲೆಗೆ ಮೊಟಕಿ ಕಲಿಸಿದ್ದು ಇದಕ್ಕೆ ತದ್ವಿರುದ್ಧವಾದ ಪಾಠ. ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನಬಾರದು, ಅಪಶಕುನ, ‘ಬರ್ತೀನಿ’ ಅನ್ನಬೇಕು. ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದುಬರಬೇಕು. ಈ ಮುದುಕಿ ನಡುಹಗಲಿನಲ್ಲಿ, ಆಟೋಗಳು ಕಿವಿ ಕಿತ್ತುಹೋಗುವಂತೆ ಅರಚುವ ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ ನಿಂತು ಆ ಪಾಠವನ್ನೇ ತಲೆಕೆಳಗು ಮಾಡುತ್ತಿದ್ದಳು.

ಕಚೇರಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸುವುದು, ಹಳೆಯ ಮಾಲೀಕನ ಕರಾರು ಬಿಡಿಸಿ ಹೊಸಬನೊಡನೆ ಕರಾರು ಬರೆಸುವುದು ಸಂಧ್ಯಾಳ ಕಸುಬು. ಹನ್ನೆರಡು ವರ್ಷದಲ್ಲಿ ಅವಳು ನೋಡದ ವಿಚಿತ್ರವಿರಲಿಲ್ಲ. ಫೈಲುಗಳ ನಡುವೆ ಒಣಗಿದ ನಿಂಬೆಹಣ್ಣು, ಮ್ಯಾನೇಜರ ಕುರ್ಚಿಯ ಕೆಳಗೆ ಮೊಳೆ ಹೊಡೆದ ಗೊಂಬೆ, ವಾಸ್ತು ಸರಿಯಿಲ್ಲವೆಂದು ಮೂರು ಸಲ ಜಾಗ ಬದಲಿಸಿದ ಶೌಚಾಲಯ, ಎಲ್ಲ ಕಂಡಿದ್ದಳು. ಅವಳು ನಂಬಿದ್ದು ಒಂದನ್ನೇ: ಎಂಥ ಕರಾರಿನಲ್ಲೂ ಬಿಡುಗಡೆಯ ಷರತ್ತು ಇದ್ದೇ ಇರುತ್ತದೆ, ಓದುವ ಕಣ್ಣು ಬೇಕು ಅಷ್ಟೆ.

ಈ ಕಟ್ಟಡ ಬಿಡುತ್ತಿದ್ದದ್ದು ವಿಮೆ ಸರ್ವೇಯರುಗಳ ಒಂದು ಕಚೇರಿ. ಬಸವನಗುಡಿಯಲ್ಲಿ ಅವರಿಗೆ ಹೊಸ ಜಾಗ ಹುಡುಕಿಕೊಟ್ಟವಳೂ ಸಂಧ್ಯಾಳೇ. ಕೊನೆಯ ದಿನ ಇಪ್ಪತ್ತೆರಡು ಜನ ನೌಕರರು ಒಬ್ಬೊಬ್ಬರಾಗಿ, ತುಟಿ ಬಿಚ್ಚದೆ ಹೊಸಿಲು ದಾಟಿ ಹೋದದ್ದನ್ನು ಅವಳು ಗಮನಿಸಿದ್ದಳು. ಮ್ಯಾನೇಜರಂತೂ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ, ಮುಖ ತಿರುಗಿಸಿ ಓಡಿದ್ದರು. ಹಳೆಯ ಜಾಗದ ಮೇಲಿನ ಬೇಸರವಿರಬೇಕು ಅಂದುಕೊಂಡಿದ್ದಳು.

“ಮಾಲೀಕರ ತಂದೆ ಮಾಡ್ಸಿದ್ದಮ್ಮ,” ಅಂದಳು ತುಳಸಮ್ಮ. “ಬಾಡಿಗೆಗೆ ಬಂದೋರು ಬಿಟ್ಟು ಹೋಗ್ಬಾರ್ದು ಅಂತ ಮಾಟ. ಹೊಸಿಲ ಕೆಳಗೆ ಹೂತಿದಾರೆ. ಬರ್ತೀನಿ ಅಂದೋರು ಬಂದೇ ಬರ್ಬೇಕು. ನಾನು ದಿನಾ ಸಂಜೆ ಹೋಗ್ತೀನಿ ಅಂತ ಹೇಳೇ ಹೋಗೋದು.”

ಸಂಧ್ಯಾಳ ಪಕ್ಕದಲ್ಲಿ ಮುರುಗೇಶ್ ಇದ್ದ. ಹನ್ನೊಂದು ವರ್ಷದಿಂದ ಅವಳ ಲಾರಿ, ಅವಳ ಹಮಾಲರು, ಅವಳ ಪೆಟ್ಟಿಗೆಗಳು ಎಲ್ಲ ಅವನ ಸುಪರ್ದಿಯಲ್ಲಿದ್ದವು. ಬಿನ್ನಿಪೇಟೆಯವನು, ಬಾಯಿ ತೆರೆದರೆ ಮುಚ್ಚದ ಮಾತುಗಾರ. ಅವನು ಬೀಡಿ ನೆಲಕ್ಕೆ ಹಾಕಿ ಹೊಸಕಿ, ಹೊಸಿಲಿಗೆ ಕೈಮುಗಿದು, ಸುಮ್ಮನೆ ಹೊರಗೆ ನಡೆದ.

ಅವನ ಆ ಭಯವೇ ಸಂಧ್ಯಾಳಿಗೆ ತಮಾಷೆಯಾಗಿ ಕಂಡಿತು. ಬಾಗಿಲೆಳೆಯುತ್ತ, ರಸ್ತೆಗೆಲ್ಲ ಕೇಳುವಂತೆ ಅವಳು ಕೂಗಿ ಹೇಳಿದಳು: “ಬರ್ತೀವಿ ಅಜ್ಜಿ! ನಾವು ಬಂದೇ ಬರ್ತೀವಿ!”

ತುಳಸಮ್ಮನ ಕೈಯಿಂದ ಪೊರಕೆ ಬಿತ್ತು. ಮುರುಗೇಶನ ಮುಖದಲ್ಲಿ ರಕ್ತವಿರಲಿಲ್ಲ.

“ಮೇಡಂ, ‘ಬರ್ತೀವಿ’ ಅಂದ್ರಲ್ಲ. ನನ್ನೂ ಸೇರಿಸ್ಬಿಟ್ರಲ್ಲ ಮೇಡಂ.”

ಅದು ಅವಳ ವ್ಯಾಪಾರದ ಚಾಳಿ. ಇದ್ದದ್ದು ಒಬ್ಬಳೇ ಒಡತಿಯಾದರೂ ‘ನಾವು ಮಾಡಿಕೊಡ್ತೀವಿ’, ‘ನಾವು ನೋಡ್ಕೋತೀವಿ’ ಅಂದರೆ ಗಿರಾಕಿಗಳಿಗೆ ಸಂಸ್ಥೆ ದೊಡ್ಡದಾಗಿ ಕಾಣುತ್ತದೆ. ಒಂದು ಅಕ್ಷರದ ವ್ಯತ್ಯಾಸ. ಅವಳಿಗೆ ಅದರ ಪರಿವೆಯೂ ಇರಲಿಲ್ಲ.

ಅದೇ ಮಧ್ಯಾಹ್ನ ಬಸವನಗುಡಿಯಲ್ಲಿ ಪೆಟ್ಟಿಗೆ ಇಳಿಸಿ ಮುರುಗೇಶ್ ಊಟಕ್ಕೆಂದು ಮನೆಗೆ ಹೊರಟ. ಅರ್ಧ ಗಂಟೆಗೆ ಅವನ ಫೋನು. “ಮೇಡಂ, ನಾನು ಚಾಮರಾಜಪೇಟೆ ಬಿಲ್ಡಿಂಗ್ ಮುಂದೆ ಇದೀನಿ. ಮನೆ ಕಡೆಗೇ ತಿರುಗ್ಸಿದ್ದು. ಹೆಂಗೆ ಬಂದೆ ಗೊತ್ತಾಗ್ತಿಲ್ಲ.” ಬಿಸಿಲಿಗೆ ತಲೆ ಕೆಟ್ಟಿರಬೇಕು, ನಿಂಬೆಹಣ್ಣಿನ ಪಾನಕ ಕುಡಿ ಎಂದು ಸಂಧ್ಯಾ ಗೇಲಿ ಮಾಡಿದಳು.

ಸಂಜೆ ಅವಳ ಸರದಿ ಬಂತು. ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿ, ಮಲ್ಲೇಶ್ವರದ ಮನೆಗೆ ಹೋಗಲು ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದಳು. ಜನರ ಜೊತೆಗೇ ಎಸ್ಕಲೇಟರಿನಲ್ಲಿ ನಿಂತಳು. ಕೊನೆಯ ಮೆಟ್ಟಿಲು ಒಳಗೆ ಸರಿಯುವಾಗ ಕಾಲೆತ್ತಿ ಇಟ್ಟಳು. ಪಾದಕ್ಕೆ ತಗುಲಿದ್ದು ಮರ. ನುಣುಪಾದ, ಬೆಚ್ಚಗಿನ ಹಳೆಯ ಮರ. ತಲೆಯೆತ್ತಿದರೆ ಚಾಮರಾಜಪೇಟೆಯ ಆ ಕತ್ತಲ ಹಜಾರ ಎದುರಿಗಿತ್ತು. ಸುಟ್ಟ ಎಳ್ಳೆಣ್ಣೆ, ಕೊಳೆತ ನಿಂಬೆ, ತೇವ ಹಿಡಿದ ಸುಣ್ಣ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ನುಗ್ಗಿತು. ಅವಳು ತಿರುಗಿ ಹೊಸಿಲು ದಾಟಿ ರಸ್ತೆಗೆ ಓಡಿದಳು.

ಮರುದಿನ ಇಬ್ಬರೂ ಮೂರು ಸಲ ಅಲ್ಲಿಗೆ ಬಂದರು. ಅದರ ಮರುದಿನ ಎಷ್ಟು ಸಲವೆಂದು ಲೆಕ್ಕ ಸಿಗಲಿಲ್ಲ. ಮೂತ್ರಕ್ಕೆಂದು ಬಚ್ಚಲ ಬಾಗಿಲು ತೆರೆದರೆ ಆ ಹೊಸಿಲು. ಬಸ್ಸಿನಿಂದ ಇಳಿದರೆ ಆ ಹೊಸಿಲು. ಕೊನೆಗೆ ನಾಲ್ಕನೆಯ ದಿನ ಮಧ್ಯಾಹ್ನ ಇಬ್ಬರೂ ಹಜಾರದೊಳಗೇ ನಿಂತಿದ್ದರು. ಬಾಗಿಲು ಹಾರು ಹೊಡೆದಿತ್ತು. ಹೊರಗೆ ಬಿಸಿಲು, ಸೌತೆಕಾಯಿ ಗಾಡಿ, ಶಾಲೆ ಬಿಟ್ಟ ಮಕ್ಕಳು. ದಾಟಲು ಹೋದರೆ ಕಾಲು ಮೇಲೇಳುತ್ತಿರಲಿಲ್ಲ. ಸಂಧ್ಯಾ ಗಂಟಲು ಹರಿಯುವಷ್ಟು ಕೂಗಿದಳು. ಹಾದುಹೋಗುವವರು ಒಳಗೆ ಇಣುಕಿ, ಖಾಲಿ ಜಾಗ ನೋಡಿದವರಂತೆ ಮುಂದೆ ನಡೆದರು.

ಮುರುಗೇಶನ ಫೋನು ರಿಂಗಾಯಿತು. ಪರದೆಯ ಮೇಲೆ ಅವನ ಹೆಂಡತಿ ಸೆಲ್ವಿಯ ಹೆಸರು.

“ಸೆಲ್ವಿ, ಕೇಳಿಸ್ತಿದೆಯಾ? ಇಲ್ಲೇ ಇದೀನಿ! ಸೆಲ್ವಿ!”

“ಹಲೋ? ಹಲೋ? ಎಲ್ಲಿದೀರಾ? ಮಾತಾಡ್ರೀ,” ಎನ್ನುತ್ತಿತ್ತು ಆ ಕಡೆಯ ದನಿ. ಎಷ್ಟು ಕಿರುಚಿದರೂ ಅದು ಹಲೋ ಅನ್ನುತ್ತಲೇ ಇತ್ತು. ಆಮೇಲೆ ಅಳು ಕೇಳಿಸಿತು. ಆಮೇಲೆ ಫೋನೂ ಸತ್ತಿತು. ಮುರುಗೇಶ್ ಅದನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದ. ಅವನನ್ನು ಅಲ್ಲಿಗೆ ತಂದವಳು ತಾನೇ ಎಂಬುದು ಸಂಧ್ಯಾಳ ಕರುಳು ಹಿಂಡಿತು. ಇವನನ್ನು ಮನೆಗೆ ಮುಟ್ಟಿಸಬೇಕು, ಬೇರೇನೂ ಬೇಡ ಎಂದುಕೊಂಡಳು. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

“ಹೊಸಿಲು ಎಬ್ಬಿಸೋಣ,” ಅಂದಳು. “ಮಾಟ ಅಂದ್ಮೇಲೆ ತಗಡು ಬರೆದು ಹೂತಿರ್ತಾರೆ. ಏನು ಬರೆದಿದ್ರೂ ಅದೊಂದು ಕರಾರು ತಾನೇ. ಓದ್ತೀನಿ.”

ಪೆಟ್ಟಿಗೆ ಬಿಚ್ಚುವ ಹಾರೆ ಹಜಾರದ ಮೂಲೆಯಲ್ಲೇ ಉಳಿದಿತ್ತು. ಮುರುಗೇಶ್ ಮೀಟಿದ. ಮರ ನರಳಿತು. ಮತ್ತೆ ಮೀಟಿದ. ಹಲಗೆ ಎದ್ದಾಗ ಕೆಳಗಿನಿಂದ ಬಿಸಿ ಗಾಳಿ ಉಸಿರಿನಂತೆ ಮುಖಕ್ಕೆ ಬಡಿಯಿತು. ಕೂದಲ ಗಂಟು, ಕಪ್ಪಾದ ಮೊಳೆಗಳು, ಅವುಗಳ ನಡುವೆ ಅಂಗೈಯಗಲದ ತಾಮ್ರದ ತಗಡು. ಬರೆದದ್ದು ಕನ್ನಡ. ಮುರುಗೇಶ್ ಕನ್ನಡ ಮಾತಾಡುತ್ತಿದ್ದನೇ ಹೊರತು ಓದಲು ಬಾರದು.

“ಓದಿ ಮೇಡಂ.”

ಸೆರಗಿನಿಂದ ಕಿಲುಬು ಒರೆಸಿ ಅವಳು ಓದಿದಳು. “ಬರುವೆನೆಂದವರು ಬರಲಿ. ಬಂದವರು ನಿಲ್ಲಲಿ.”

“ಅಷ್ಟೇನಾ?”

ಅಷ್ಟೇ ಅಲ್ಲ. ಕೆಳಗೆ ಇನ್ನೊಂದು ಸಾಲಿತ್ತು. ಅವಳ ಕಣ್ಣು ಅದರ ಮೇಲೆ ಓಡಿತು. ಬಿಡುಗಡೆಯ ಷರತ್ತು. ಇದ್ದೇ ಇತ್ತು. ಅವಳ ಎದೆ ಅರಳಿತು, ಮರುಕ್ಷಣವೇ ಕುಸಿಯಿತು. ದನಿ ಕೀರಲಾಗಿ ಓದಿದಳು: “ಒಬ್ಬರು ಮನಸಾರೆ ನಿಲ್ಲಲೊಪ್ಪಿದರೆ, ಮಿಕ್ಕವರು ಹೋಗಲಿ, ಮರಳದಿರಲಿ.”

ಕೊನೆಯ ಪದದ ಮೇಲೆ ಅವಳು ಒಂದು ಚಣವೂ ನಿಲ್ಲಲಿಲ್ಲ. ಈ ನರಕಕ್ಕೆ ಮರಳುವವರಾದರೂ ಯಾರು? ವರ್ಷಕ್ಕೆ ನೂರು ಕರಾರು ಓದುವವಳು, ಗಿರಾಕಿಗಳಿಗೆ ಕೊನೆಯ ಸಾಲನ್ನು ಎರಡು ಸಲ ಓದಿ ಎಂದು ಬುದ್ಧಿ ಹೇಳುವವಳು, ತನ್ನ ಸರದಿ ಬಂದಾಗ ಒಂದೇ ಸಲ ಓದಿದಳು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಎಲ್ಲೋ ಗುಡಿಯಲ್ಲಿ ದೀಪ ಹಚ್ಚುವ ಹೊತ್ತಿನ ಗಂಟೆ. ಒಳಗಿನ ಗೋಡೆಗಳಿಂದ ಎಣ್ಣೆಯಂಥದ್ದೇನೋ ಜಿನುಗತೊಡಗಿತು. ಕತ್ತಲು ಮೂಲೆಗಳಿಂದ ನೆಲದ ಮೇಲೆ ತೆವಳಿ ಬಂತು. ಕಾಣದ ಕುರ್ಚಿಗಳು ಎಳೆದಾಡಿದ ಸದ್ದು. ಒಂದು. ಎರಡು. ಹತ್ತು. ಈ ಮಾಟಕ್ಕೆ ಸಿಕ್ಕಿ ಮೊದಲೇ ಇಲ್ಲಿ ಉಳಿದುಹೋದವರೆಲ್ಲ ಬಂದು ಕೂತರು. ಅವರ ಉಸಿರು ಅವಳ ಕತ್ತಿಗೆ ತಾಗಿತು.

ಹೇಳಬೇಕಾದ ಮಾತು ಸಂಧ್ಯಾಳ ನಾಲಗೆಯ ತುದಿಯಲ್ಲೇ ಇತ್ತು. ನಾನಿರ್ತೀನಿ. ಎರಡು ಚೂರು ಮಾತು. ತಪ್ಪು ಅವಳದು. ಬಾಯಿ ಅವಳದು. ಅವಳು ತುಟಿ ಕಚ್ಚಿದಳು. ಕಾದಳು. ಅವನ ಮುಖ ನೋಡದೆ ಕಾದಳು. ದೇವರೇ, ಕಾದಳು!

“ನೀವು ಹೋಗಿ ಮೇಡಂ,” ಅಂದ ಮುರುಗೇಶ್. “ನಾನಿರ್ತೀನಿ. ಆಚೆ ಹೋದ್ರೆ ನೀವು ಓದಿದೋರು, ಯಾರನ್ನಾದ್ರೂ ಹಿಡಿದು ಇದನ್ನ ಬಿಡಿಸ್ತೀರಾ. ನನಗೆ ಏನು ಗೊತ್ತಾಗ್ತದೆ? ನಾಳೆ ಬೆಳಗ್ಗೆ ತನಕ ತಾನೇ.”

ಬೇಡ ಎಂದು ಒಂದು ಸಲವಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಅವಳ ಕಾಲು ಹಗುರಾಯಿತು. ಎದ್ದಿತು. ಹೊಸಿಲಿನ ಹಳ್ಳ ದಾಟಿತು. ಸಂಜೆಯ ಬೆಳಕು ಮುಖಕ್ಕೆ ಬಿತ್ತು. ಒಂದು ಮಾತೂ ಹೇಳದೆ, ಹಿಂದಿರುಗಿಯೂ ನೋಡದೆ ಅವಳು ಓಡಿದಳು. ರಸ್ತೆಯ ಆಚೆ ಬದಿಯಲ್ಲಿ ಕೂತಿದ್ದ ತುಳಸಮ್ಮ ಎದ್ದು ನಿಂತಳು.

“ಆ ಮನುಷ್ಯ ಎಲ್ಲಮ್ಮ?”

ಸಂಧ್ಯಾ ನಿಲ್ಲಲಿಲ್ಲ. ಆ ರಾತ್ರಿ ತನ್ನ ಹಾಸಿಗೆಯಲ್ಲಿ, ತನ್ನ ಗೋಡೆಗಳ ನಡುವೆ ಮಲಗಿ ನಾಚಿಕೆಯಿಲ್ಲದೆ ನಿದ್ದೆ ಮಾಡಿದಳು.

ಬೆಳಗ್ಗೆ ಬಸವನಗುಡಿಗೆ ಹೋಗಿ, ಮಂತ್ರ ಬಲ್ಲವರೊಬ್ಬರನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟಳು. ರಾಮಕೃಷ್ಣಾಶ್ರಮ ದಾಟಿತು, ಮಕ್ಕಳ ಕೂಟ ಕಂಡಿತು, ತಿರುವು ಬಂತು. ತಿರುಗಿದರೆ ಗಾಂಧಿಬಜಾರಿನ ಹೂವಿನ ಸಾಲು. ಡ್ರೈವರು ತಲೆ ಕೆರೆದುಕೊಂಡ. ಇಳಿದು ನಡೆದಳು. ಮೂರನೇ ಮುಖ್ಯರಸ್ತೆ ಮುಗಿದು ಐದನೆಯದು ಬಂತು. ನಾಲ್ಕನೆಯದು ಇರಲಿಲ್ಲ. ಮತ್ತೆ ನಡೆದಳು. ಇರಲಿಲ್ಲ. ಕೇಳಿದವರೆಲ್ಲ “ಅದೇ ಅಲ್ವಾ, ಮುಂದೇನೇ” ಎಂದು ಕೈ ತೋರಿಸಿದರು. ಕೈ ತೋರಿಸಿದ ಕಡೆ ಹೋದರೆ ಬೇರೆ ರಸ್ತೆ. ಸಂಜೆಯ ಹೊತ್ತಿಗೆ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಮರಳದಿರಲಿ. ಆ ಪದದ ಅರ್ಥ ಆಗ ಅವಳಿಗೆ ಹೊಳೆದು, ನಡುರಸ್ತೆಯಲ್ಲಿ ತಲೆಗೆ ಕೈ ಹೊತ್ತು ಕೂತಳು. ಮಂತ್ರ ಬಲ್ಲವರು ಒಬ್ಬರೇ ಹೋಗಿ ನೋಡಿ ಬಂದರು. “ತಗಡು ಓದಿದವರೇ ಎದುರಿಗೆ ನಿಂತು ಕೀಳಬೇಕು, ನನ್ನ ಕೈಲಾಗದು,” ಎಂದು ಹೊರಟುಹೋದರು.

ಒಂಬತ್ತು ದಿನ ಹಾಗೆಯೇ ಅಲೆದಳು. ಹತ್ತನೆಯ ದಿನ ಬಿನ್ನಿಪೇಟೆಗೆ ಹೋಗಿ, ಸೆಲ್ವಿಯ ಎದುರು ಕೂತು ಎಲ್ಲವನ್ನೂ ಹೇಳಿದಳು. ಎಲ್ಲವನ್ನೂ ಅಂದರೆ, ಬಹುಪಾಲು. ಮಾಟ ಹೇಳಿದಳು, ಹೊಸಿಲು ಹೇಳಿದಳು, ಇಬ್ಬರೂ ಒಳಗೆ ಸಿಕ್ಕಿಬಿದ್ದದ್ದು ಹೇಳಿದಳು, ವಿಳಾಸ ಬರೆದುಕೊಟ್ಟಳು. ತಗಡಿನ ಕೊನೆಯ ಸಾಲನ್ನು ಮಾತ್ರ ಹೇಳಲಿಲ್ಲ.

ಸೆಲ್ವಿ ಅಳಲಿಲ್ಲ. ಅವಳು ಅವತ್ತೇ ತಮ್ಮನೊಡನೆ ಹೋಗಿ, ಮರುದಿನ ಸಂಧ್ಯಾಳ ಕಚೇರಿಗೆ ಬಂದಳು. ಕೂರಲಿಲ್ಲ. ಮೇಜಿನಾಚೆ ನಿಂತೇ ಮಾತಾಡಿದಳು.

“ಹೋಗಿದ್ದೆ ಮೇಡಂ. ಹಾಲ್ ಖಾಲಿ ಇದೆ. ಯಾರೂ ಕಾಣಲ್ಲ. ಆದ್ರೆ ಅವರ ಬೀಡಿ ವಾಸನೆ ಬಂತು. ಕೆಮ್ಮಿದ್ರು. ಆ ಕೆಮ್ಮು ನನಗೆ ಗೊತ್ತಾಗಲ್ವಾ?”

ಸಂಧ್ಯಾಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. “ಹೆಂಗಾದ್ರೂ ಮಾಡಿ ಬಿಡಿಸ್ತೀನಿ ಸೆಲ್ವಿ. ನನ್ನ ಪ್ರಾಣ ಹೋದ್ರೂ...”

ಸೆಲ್ವಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು.

“ಒಂದೇ ಒಂದು ಕೇಳ್ತೀನಿ ಮೇಡಂ. ಒಳಗಿದ್ದಿದ್ದು ಇಬ್ರೂ. ನೀವೊಬ್ರೇ ಹೆಂಗೆ ಆಚೆ ಬಂದ್ರಿ?”