ಎಡ ಬಾಗಿಲಿನ ಸಂದು

ನೋರೀನ್ ಡೇಸಿ ಮೊದಲ ಸಲ ನನ್ನ ಮನೆಗೆ ಬಂದಾಗ ಅವಳ ಕೈಯಲ್ಲಿ ಅಡುಗೆಮನೆಯ ಟವೆಲ್ ಸುತ್ತಿದ ಏನೋ ಇತ್ತು. ನಾನು ಬಾಳೆಹಣ್ಣಿನ ಕೇಕ್ ಅಂದುಕೊಂಡೆ. ನಮ್ಮ ಬೀದಿಯಲ್ಲಿ ಒಂಟಿ ಗಂಡಸಿನ ಮನೆಗೆ ಹೆಂಗಸರು ಟವೆಲ್ ಸುತ್ತಿ ತರುವುದು ಅದನ್ನೇ. ಮುಖದ ತುಂಬ ನಗು ತಂದುಕೊಂಡು ಎರಡೂ ಕೈ ಚಾಚಿದೆ.

ಟವೆಲ್ ಬಿಚ್ಚಿದರೆ ಒಳಗೆ ಮೊಳದುದ್ದದ ತುಕ್ಕು ಹಿಡಿದ ತಗಡು.

"ರೀ ಆರ್ವೋ, ಇದು ನಮ್ಮನೆ ಕಾರಿಂದ ಉದುರ್ತು. ಇದೇನು ಮುಖ್ಯವಾದದ್ದಾ?"

"ಇದೊಂದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಬರೀ ಅಲಂಕಾರ ಕಣ್ರೀ," ಅಂದೆ.

ಅವಳು ನಕ್ಕಳು. ಅರವತ್ತರ ಹತ್ತಿರದ ಹೆಂಗಸು, ತಲೆಗೆ ಉಣ್ಣೆಯ ಟೋಪಿ, ಮೂಗಿನ ತುದಿ ಮಾರ್ಚಿ ತಿಂಗಳ ಚಳಿಗೆ ಕೆಂಪಾಗಿತ್ತು. ಹನ್ನೊಂದು ವರ್ಷದಿಂದ ಎದುರು ಮನೆಯವಳು. ಹನ್ನೊಂದು ವರ್ಷದಲ್ಲಿ ನಾವು ಹಿಮ ಬಳಿಯುವಾಗ ಕೈಯೆತ್ತಿದ್ದು ಬಿಟ್ಟರೆ ಮಾತಾಡಿದ್ದೇ ಇಲ್ಲ.

ಈರಿ ಸರೋವರದ ದಂಡೆಯ ಆಶ್ಟಬ್ಯುಲಾದಲ್ಲಿ ನಾನು ನಲವತ್ತು ವರ್ಷ ಕಾರುಗಳ ಬಾಡಿ ಕೆಲಸ ಮಾಡಿದವನು. ಡಿಸೆಂಬರಿನಿಂದ ಮಾರ್ಚಿಯವರೆಗೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ಊರು ನಮ್ಮದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಉಪ್ಪು ತಿಂದ ಕಾರಿನ ಪಾಡೂ ಅದೇ. ಆ ತುಕ್ಕಿನ ಅನ್ನವನ್ನೇ ನಾನು ಉಂಡದ್ದು. ಹೆಂಡತಿ ನನ್ನನ್ನು ಬಿಟ್ಟು ಹೋಗಿ ಹದಿನಾರು ವರ್ಷ. ಹೋಗುವಾಗ, "ನೀನು ತಗಡು ಸವರೋ ಹಾಗೆ ನನ್ನ ಬೆನ್ನು ಒಂದಿನ ಸವರಲಿಲ್ಲ," ಅಂದಿದ್ದಳು. ಸುಳ್ಳೇನಲ್ಲ.

ನೋರೀನಳ ಗ್ಯಾರೇಜಿನಲ್ಲಿದ್ದದ್ದು ಅರವತ್ತರ ದಶಕದ ಪುಟ್ಟ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಚಾವಣಿ ಇಲ್ಲ. ಮೇಲೆ ಕ್ರಿಸ್ಮಸ್ ದೀಪಗಳ ಡಬ್ಬ, ಕೆಳಗೆ ಇಲಿ ಗೂಡು. ಅವಳ ಗಂಡ ಕ್ಲೈಡ್ ಇಪ್ಪತ್ತೆರಡು ವರ್ಷದ ಹಿಂದೆ ರಿಪೇರಿ ಶುರು ಮಾಡಿ ಒಂದೇ ವಾರದಲ್ಲಿ ಕೈಬಿಟ್ಟಿದ್ದನಂತೆ. ಯಾಕೆ ಅಂತ ನನಗೆ ಒಂದು ನೋಟಕ್ಕೇ ತಿಳಿಯಿತು. ಚಾವಣಿ ಇಲ್ಲದ ಕಾರಿಗೆ ಬಾಗಿಲ ಕೆಳಗಿನ ಉದ್ದದ ಪಟ್ಟಿಯೇ ಬೆನ್ನುಮೂಳೆ. ಅದು ಕೊಳೆತಿದೆ ಅಂತ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆಯಬೇಕು. ಇಲ್ಲದಿದ್ದರೆ ಕಾರು ನಡು ಮುರಿದು ಕೂರುತ್ತದೆ. ಕ್ಲೈಡ್ ಸರಳು ಬೆಸೆಯದೆ ಕತ್ತರಿಸಿದ್ದ. ಡ್ರೈವರ್ ಕಡೆಯ ಎಡ ಬಾಗಿಲು ಅಂದಿನಿಂದ ಮುಚ್ಚಿರಲಿಲ್ಲ.

"ಆಮೇಲೆ ಅವರಿಗೆ ಪಾರ್ಶ್ವವಾಯು ಹೊಡೀತು," ಅಂದಳು ನೋರೀನ್. "ಎಂಟು ವರ್ಷ ಮಂಚದ ಮೇಲೇ ಇದ್ದು ಹೋಗ್ಬಿಟ್ರು. ಕಾರಿನ ಸುದ್ದಿ ಯಾರೂ ಎತ್ತಲಿಲ್ಲ."

"ಈಗ್ಯಾಕೆ ಎತ್ತಿದ್ರಿ?"

"ಆಗಸ್ಟ್ ಇಪ್ಪತ್ತೆರಡು ನನ್ನ ಹುಟ್ಟುಹಬ್ಬ. ಅಷ್ಟರೊಳಗೆ ನಾನೇ ಇದನ್ನ ಕೆರೆ ದಂಡೆ ರಸ್ತೇಲಿ ಕಾನಿಯಟ್‌ವರೆಗೂ ಓಡಿಸ್ಬೇಕು. ಅಲ್ಲಿ ಒಂದು ಐಸ್‌ಕ್ರೀಮ್ ತಿನ್ಬೇಕು, ವಾಪಸ್ ಬರಬೇಕು. ಅದಾದ ಮೇಲೆ ಆದ್ರೆ ಪ್ರಯೋಜನ ಇಲ್ಲ."

ಕಾನಿಯಟ್ ಪಕ್ಕದ ಊರು; ಈರಿ ಸರೋವರವನ್ನು ಕೆರೆ ಅನ್ನುವುದು ನಮ್ಮ ಊರವರ ಗತ್ತು. ಯಾಕೆ ಪ್ರಯೋಜನ ಇಲ್ಲ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಹುಟ್ಟುಹಬ್ಬದ ಹಟ ಅಂದುಕೊಂಡೆ.

ಶನಿವಾರ ಶನಿವಾರ ಕೆಲಸ ಅಂತ ಗೊತ್ತಾಯಿತು. ನಾನು ವೆಲ್ಡಿಂಗ್ ಡಬ್ಬ ತಳ್ಳಿಕೊಂಡು ರಸ್ತೆ ದಾಟುತ್ತಿದ್ದೆ, ಬಗಲಲ್ಲಿ ನನ್ನ ಅಕ್ಕ ಮಾಡಿಕೊಟ್ಟ ಏಲಕ್ಕಿ ಬ್ರೆಡ್ಡು. ಫಿನ್‌ಲೆಂಡಿನಿಂದ ಬಂದ ನಮ್ಮಜ್ಜಿಯ ಕಾಲದ ಪಾಕ ಅದು. ನೋರೀನ್ ಕಾಫಿ ಹಿಡಿದು ಬರುವಾಗ ಪ್ರತಿಸಲ ಜಾಕಿಗೆ ಕಾಲು ತಾಗಿಸಿಕೊಂಡು ಅರ್ಧ ಕಪ್ ನೆಲಕ್ಕೆ ಹಾಕುತ್ತಿದ್ದಳು.

"ನೆಲಕ್ಕೂ ಕಾಫಿ ಚಟ ಹತ್ತಿಸಿದ್ರಿ ನೀವು," ಅಂತ ರೇಗಿಸುತ್ತಿದ್ದೆ. "ಸ್ವಲ್ಪ ನೋಡ್ಕೊಂಡು ನಡೀಬಾರ್ದಾ?"

"ನಿಮ್ಮನ್ನ ನೋಡ್ತಾ ನಡೀತೀನಲ್ಲ, ಅದಕ್ಕೇ," ಅನ್ನುತ್ತಿದ್ದಳು. ನಾನು ವೆಲ್ಡಿಂಗ್ ಮುಖವಾಡ ಎಳೆದುಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಕೆಂಪಾದ ಮುಖ ತೋರಿಸುವುದು ಮರ್ಯಾದೆಯಲ್ಲ.

ಏಪ್ರಿಲಿನಲ್ಲಿ ಅವಳಿಗೆ ಕೈಯಿಂದ ನೋಡುವುದನ್ನು ಕಲಿಸಿದೆ. ನಮ್ಮ ಕಸುಬಿನಲ್ಲಿ ಕಣ್ಣನ್ನು ಯಾರೂ ನಂಬುವುದಿಲ್ಲ. ಬಣ್ಣ, ಬೆಳಕು, ನೆರಳು ಎಲ್ಲ ಸೇರಿ ಕಣ್ಣಿಗೆ ಮಂಕುಬೂದಿ ಎರಚುತ್ತವೆ. ತೆಳ್ಳಗಿನ ಹತ್ತಿ ಗ್ಲೌಸ್ ಹಾಕಿಕೊಂಡು, ಕಣ್ಣು ಮುಚ್ಚಿ, ಅಂಗೈಯನ್ನು ಉದ್ದಕ್ಕೆ ಸವರಬೇಕು. ಕೂದಲೆಳೆಯಷ್ಟು ತಗ್ಗಿದ್ದರೂ ಕೈ ಹೇಳುತ್ತದೆ.

"ಎಡಗೈ ಕೊಡಿ," ಅಂದೆ. ಅವಳ ಕೈಯ ಮೇಲೆ ನನ್ನ ಕೈ ಇಟ್ಟು ಮಡ್‌ಗಾರ್ಡಿನ ಮೇಲೆ ಮೆಲ್ಲಗೆ ಜಾರಿಸಿದೆ. "ಇಲ್ಲಿ... ಗೊತ್ತಾಯ್ತಾ?"

"ಇಲ್ಲಿ ತಗ್ಗಿದೆ. ಇಲ್ಲಿ ಉಬ್ಬು." ಅವಳ ಕಣ್ಣು ಮುಚ್ಚಿತ್ತು, ತುಟಿಯಲ್ಲಿ ನಗು. "ಇಲ್ಲಿ ಯಾರದ್ದೋ ಕೈ ನಡುಗ್ತಿದೆ."

"ಅದು ಚಳಿಗೆ."

"ಹೌದೌದು, ಚಳಿಗೆ."

ಅವಳ ಕೈ ನನ್ನದಕ್ಕಿಂತ ಚುರುಕಾಯಿತು. ಒಂದು ತಿಂಗಳಲ್ಲಿ, ನಾನು ಸರಿ ಅಂದ ಜಾಗದಲ್ಲಿ ಎರಡು ತಪ್ಪು ಹುಡುಕಿ ತೋರಿಸುತ್ತಿದ್ದಳು. "ಏನ್ರೀ ಮೇಸ್ತ್ರಿ, ನಿದ್ದೆ ಮಾಡ್ತಿದ್ರಾ?"

ಮೇ ಹದಿನೆಂಟರ ಶನಿವಾರ, ಹೊಸ ಪಟ್ಟಿ ಬೆಸೆದು, ಎಡ ಬಾಗಿಲನ್ನು ತೂಗುಹಾಕಿ ಮೆಲ್ಲಗೆ ತಳ್ಳಿದೆ. ಟಿಕ್ ಅಂತ ಮುಚ್ಚಿಕೊಂಡಿತು. ಸುತ್ತಲೂ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ. ನಲವತ್ತು ವರ್ಷದಲ್ಲಿ ಅಂಥ ಬಾಗಿಲು ನಾನು ಕೂರಿಸಿರಲಿಲ್ಲ.

ಆಗ ನನಗೆ ಹೊಳೆಯಿತು. ಕಷ್ಟದ ಕೆಲಸ ಇದೊಂದೇ ಆಗಿತ್ತು. ಇದು ಮುಗಿದರೆ ಎಂಜಿನ್, ಬಣ್ಣ, ಸೀಟು ಎಲ್ಲ ಸೇರಿ ಆರು ವಾರ. ಜುಲೈ ಹೊತ್ತಿಗೆ ಅವಳು ಕಾರು ಹತ್ತಿ ಹೊರಟುಬಿಡುತ್ತಾಳೆ. ಆಮೇಲೆ ಶನಿವಾರ ನಾನು ಯಾವ ನೆಪದಲ್ಲಿ ರಸ್ತೆ ದಾಟಲಿ?

"ಆಯ್ತಾ?" ಅಂದಳು.

"ಇಲ್ಲ. ಕೆಳಗೆ ಒಂಚೂರು ಬಿಗಿ ಇದೆ. ಇನ್ನೆರಡು ವಾರ."

ಅವಳು ಗ್ಲೌಸ್ ಹಾಕಿಕೊಂಡು ಸಂದಿನ ಉದ್ದಕ್ಕೂ ಬೆರಳು ಎಳೆದಳು. ತುಂಬ ಹೊತ್ತು ಸುಮ್ಮನಿದ್ದು, "ಹೂಂ, ಬಿಗಿ ಇದೆ," ಅಂದಳು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಆ ಬಾಗಿಲನ್ನು ಬೇಸಿಗೆಯಿಡೀ ಬಿಚ್ಚಿದೆ, ಜೋಡಿಸಿದೆ. ನಿಧಾನವೇ ಪ್ರಧಾನ ಅಂತ ಉಪದೇಶ ಬೇರೆ. ಒಂದು ಶನಿವಾರ ತಿರುಪು ಸಡಿಲಿಸುವುದು, ಮುಂದಿನ ಶನಿವಾರ ಅದನ್ನೇ ಬಿಗಿಮಾಡುವುದು. ಹುಟ್ಟುಹಬ್ಬಕ್ಕಿಂತ ಹದಿನೈದು ದಿನ ತಡವಾದರೆ ಯಾವ ಆಕಾಶ ಕಳಚಿಬೀಳುತ್ತದೆ? ನಡುವೆ ಮಾತು, ಹರಟೆ, ಶುಕ್ರವಾರ ಬಂದರಿನಲ್ಲಿ ಕರಿದ ಮೀನು. ಯಾವುದೋ ಒಂದು ದಿನ "ರೀ" ಹೋಗಿ "ಆರ್ವೋ, ಬಾ ಇಲ್ಲಿ" ಬಂತು. ಜುಲೈನ ಒಂದು ಮಧ್ಯಾಹ್ನ ಗಲ್ಲಕ್ಕೆ ಗ್ರೀಸ್ ಮೆತ್ತಿಕೊಂಡು ನಿಂತಿದ್ದಳು. ಒರೆಸಲು ಹೋದವನು ಕೈ ತೆಗೆಯುವುದನ್ನೇ ಮರೆತೆ.

"ಗ್ರೀಸ್ ಹೋಯ್ತಾ?" ಅಂದಳು, ಕಣ್ಣು ಮುಚ್ಚಿಕೊಂಡೇ.

"ಇನ್ನೂ ಸ್ವಲ್ಪ ಇದೆ."

"ನಿನ್ನ ಕೆಲಸ ಯಾವತ್ತು ಬೇಗ ಮುಗಿದಿದೆ ಹೇಳು," ಅಂದಳು. ಆದರೆ ಅವಳೂ ಸರಿದು ನಿಲ್ಲಲಿಲ್ಲ.

ಆಗಸ್ಟ್ ಇಪ್ಪತ್ತೆರಡರ ಮಧ್ಯಾಹ್ನ ನಾನು ಕೇಕ್ ಹಿಡಿದು ಹೋದೆ. ನೋರೀನ್ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಓಡಾಟದ ಕಾರು ಮನೆ ಮುಂದೆ ಇರಲಿಲ್ಲ.

"ಬಸ್ಸಲ್ಲಿ ಬಂದೆ," ಅಂದಳು. "ಹುಟ್ಟುಹಬ್ಬದ ದಿನವೇ ಲೈಸೆನ್ಸ್ ಮುಗಿಯುತ್ತಲ್ಲ, ರಿನ್ಯೂ ಮಾಡಿಸೋಕೆ ಹೋಗಿದ್ದೆ. ಕಣ್ಣಿನ ಪರೀಕ್ಷೆ ಇರುತ್ತಲ್ಲ. ಕೊಡಲ್ಲ ಅಂದ್ರು. ಕಾರು ಅಲ್ಲೇ ನಿಂತಿದೆ, ಹೋಗಿ ತಂದುಕೊಡ್ತೀಯಾ?"

"ಕನ್ನಡಕ ಬದಲಾಯಿಸಿದ್ರೆ..."

"ಕನ್ನಡಕದ್ದಲ್ಲ ಆರ್ವೋ. ಸುತ್ತ ಅಂಚಿಂದ ಕತ್ತಲೆ ಮುಚ್ಕೊಂಡು ಬರ್ತಿದೆ, ಕೊಳವೇಲಿ ನೋಡಿದ ಹಾಗೆ. ಮಾರ್ಚಲ್ಲೇ ಡಾಕ್ಟ್ರು ಹೇಳಿದ್ರು, ಈ ಬೇಸಿಗೆ ಓಡಿಸಿಬಿಡಿ, ಆಮೇಲೆ ಬೇಡ ಅಂತ. ಕೊನೇಗೆ ಕೊಳವೇನೂ ಮುಚ್ಚುತ್ತೆ."

ಚೆಲ್ಲಿದ ಕಾಫಿ. ತಾಗಿದ ಜಾಕಿ. "ನೋಡ್ಕೊಂಡು ನಡೀಬಾರ್ದಾ" ಅಂದ ನನ್ನ ನಾಲಗೆ. ಕೇಕ್ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದೆ. ಜುಲೈಯಲ್ಲೇ ಮುಗಿಯುತ್ತಿದ್ದ ಕಾರು. ಅವಳ ಬದುಕಿನ ಕೊನೆಯ ಡ್ರೈವನ್ನು ನಾನು ಒಂದು ತಿರುಪುಳಿ ಹಿಡಿದು ಕದ್ದಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನೀನು ನನ್ನನ್ನ ರೇಗಿಸೋದು ಬಿಟ್ಬಿಡ್ತಿದ್ದೆ."

ಆ ಕ್ಷಣವೇ ನಿಜ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಕೇಕಿನ ಅಂಚನ್ನು ಬೆರಳಿಂದ ಹುಡುಕಿ ಒಂದು ಚೂರು ಮುರಿದು ನನ್ನ ಬಾಯಿಗೇ ಇಟ್ಟಳು.

ಸೆಪ್ಟೆಂಬರ್ ಮಧ್ಯಕ್ಕೆ ಕಾರು ಮುಗಿಯಿತು. ಮೂರು ವಾರ ಹಗಲಿಡೀ ದುಡಿದೆ, ಯಾರಿಗಾಗಿ ಅಂತ ಗೊತ್ತಿಲ್ಲದೆ. ಕಡುಹಸಿರು ಬಣ್ಣ. ಕಡೆಗೆ ಉಳಿದದ್ದು ಎಡ ಬಾಗಿಲ ಒಳಹಲಗೆ ಹಾಕುವುದು. ನಮ್ಮಲ್ಲಿ ಒಂದು ಪದ್ಧತಿಯಿದೆ. ಹಲಗೆ ಮುಚ್ಚುವ ಮುಂಚೆ, ಕೆಲಸ ಮಾಡಿದವರು ಬಾಗಿಲ ಒಳಮೈ ಮೇಲೆ ಹೆಸರು, ತಾರೀಖು ಬರೆಯುತ್ತಾರೆ. ಬರೆದದ್ದನ್ನು ಯಾರೂ ಓದುವ ಹಾಗಿಲ್ಲ. ಇಪ್ಪತ್ತು ವರ್ಷದ ಮೇಲೆ ಬಾಗಿಲು ಬಿಚ್ಚುವವನಿಗೆ ಅದು ಮೀಸಲು.

"ನೀನು ಆ ಕಡೆ ತಿರುಗು," ಅಂದಳು ನೋರೀನ್. ಮಾರ್ಕರ್ ಪೆನ್ನು ತಗಡಿನ ಮೇಲೆ ತುಂಬ ಹೊತ್ತು ಕಿರುಗುಟ್ಟಿತು. ಹೆಸರು ಬರೆಯಲು ಇಷ್ಟು ಹೊತ್ತೇ, ಕಣ್ಣು ಕಾಣದೆ ಕಷ್ಟಪಡುತ್ತಿದ್ದಾಳೆ ಅಂತ ನನಗೆ ಸಂಕಟವಾಯಿತು. ಆಮೇಲೆ ತಲೆ ಬೇರೆ ಕಡೆ ತಿರುಗಿಸಿಕೊಂಡೇ ನಾಲ್ಕು ತಿರುಪು ಬಿಗಿದೆ.

ಕಾನಿಯಟ್‌ಗೆ ನಾನೇ ಓಡಿಸಿದೆ. ಅವಳು ಪಕ್ಕದಲ್ಲಿ ಕೂತು, ಕೂದಲು ಹಾರಲು ಬಿಟ್ಟು, ಕೆರೆಯ ಕಡೆಗೆ ಮುಖ ಮಾಡಿದ್ದಳು. ಐಸ್‌ಕ್ರೀಮ್ ಅಂಗಡಿಗೆ ಹಲಗೆ ಬಡಿದಿತ್ತು. ಸೆಪ್ಟೆಂಬರಿನ ಮೊದಲ ವಾರಕ್ಕೇ ದಂಡೆಯ ಅಂಗಡಿಗಳೆಲ್ಲ ಮುಚ್ಚುತ್ತವೆ. ಕಾರಿನಲ್ಲಿ ಕೂತೇ, ಬರುವ ತಿಂಗಳು ತಂಗಿಯ ಮನೆಗೆ ಹೋಗಿಬಿಡುತ್ತೇನೆ ಅಂದಳು.

"ಇಲ್ಲೇ ಇದ್ದುಬಿಡು ನೋರೀನ್," ಅಂದೆ. "ನಾನು ನೋಡ್ಕೋತೀನಿ."

"ಅದೇ ಬೇಡ." ಅವಳ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. "ಎಂಟು ವರ್ಷ ಕ್ಲೈಡ್‌ನ ನೋಡ್ಕೊಂಡೆ. ಮೊದಲನೇ ವರ್ಷ ಅವರ ಹೆಂಡತಿಯಾಗಿದ್ದೆ. ಆಮೇಲೆ ಬರೀ ನರ್ಸು. ಪ್ರೀತಿ ಯಾವ ದಿನ ಹೋಯ್ತು ಅಂತ ನನಗೇ ಗೊತ್ತಾಗಲಿಲ್ಲ. ನಿನ್ನಲ್ಲಿ ಅದು ಹೋಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಕಣೋ."

"ಹೋಗಲ್ಲ ನೋರೀನ್."

"ಎಲ್ಲರೂ ಹಾಗೇ ಅನ್ನೋದು. ನಾನೂ ಅಂದಿದ್ದೆ."

ಅಕ್ಟೋಬರಿನಲ್ಲಿ ಅವಳು ಟೂಸಾನಿನ ತಂಗಿಯ ಮನೆಗೆ ಹೋದಳು. ಕಾರನ್ನು ನನಗೇ ಬಿಟ್ಟಳು. "ಅಲ್ಲಿ ಮರಳುಗಾಡು, ತುಕ್ಕೇ ಹಿಡಿಯಲ್ವಂತೆ. ನಿನಗೆ ಕೆಲಸ ಇಲ್ಲದ ಹಾಗಾಗುತ್ತೆ," ಅಂದು ನಕ್ಕಳು. ಟ್ಯಾಕ್ಸಿ ಹತ್ತುವ ಮುಂಚೆ ನನ್ನ ಮುಖದ ಮೇಲೆ ಎಡಗೈ ಉದ್ದಕ್ಕೆ ಸವರಿದಳು, ನಾನು ಕಲಿಸಿದ ಹಾಗೇ, ಕಣ್ಣು ಮುಚ್ಚಿ. ಟ್ಯಾಕ್ಸಿ ಬೀದಿ ತಿರುಗಿದ ಮೇಲೂ ನಾನು ರಸ್ತೆಯಲ್ಲೇ ನಿಂತಿದ್ದೆ.

ಚಳಿಗಾಲವಿಡೀ ನಿಜ ನನ್ನನ್ನು ಒಳಗೇ ತಿಂದಿತು. ಫೋನ್ ಮಾಡುತ್ತಿದ್ದೆವು, ಹವಾಮಾನ ಮಾತಾಡುತ್ತಿದ್ದೆವು. ಜನವರಿಯಲ್ಲಿ ಅವಳು ಹಗಲು ಯಾವುದು, ಇರುಳು ಯಾವುದು ಅಂತ ತಂಗಿಯನ್ನು ಕೇಳುವ ಹಾಗಾಯಿತು. ನಿನ್ನ ಡ್ರೈವ್ ಕದ್ದವನು ನಾನೇ ಅಂತ ಪ್ರತಿಸಲ ಹೇಳಹೊರಟು ಪ್ರತಿಸಲ ನುಂಗಿಕೊಂಡೆ.

ಏಪ್ರಿಲಿನಲ್ಲಿ ಎಡ ಬಾಗಿಲಿನ ಗಾಜು ಧಡಕ್ಕೆಂದು ಬಾಗಿಲ ಹೊಟ್ಟೆಯೊಳಗೆ ಬಿತ್ತು. ನಾಲ್ಕು ತಿರುಪು ಬಿಚ್ಚಿ ಹಲಗೆ ತೆಗೆದೆ. ಪದ್ಧತಿ ನೆನಪಾಗುವ ಮುಂಚೆಯೇ ಕಣ್ಣು ಓದಿಬಿಟ್ಟಿತ್ತು. ಒಂದರ ಮೇಲೊಂದು ಹತ್ತಿದ, ಸೊಟ್ಟ ಸೊಟ್ಟ ಅಕ್ಷರ.

"ನೋರೀನ್ ಡೇಸಿ. ಮೇ 18."

ತಾರೀಖು ತಪ್ಪು ಬರೆದಿದ್ದಾಳೆ, ಪಾಪ, ಅಂದುಕೊಂಡೆ. ಕೆಳಗೆ ಇನ್ನೂ ಇತ್ತು.

"ಈ ಬಾಗಿಲು ಅವತ್ತೇ ಸರಿಯಾಗಿತ್ತು. ನನ್ನ ಕೈಗೆ ಗೊತ್ತಿತ್ತು. ಡ್ರೈವ್ ಬೇಕಾ, ಶನಿವಾರಗಳು ಬೇಕಾ ಅಂತ ಯೋಚಿಸಿದೆ. ಶನಿವಾರಗಳನ್ನ ಇಟ್ಕೊಂಡೆ. ಕೊರಗಬೇಡ."

ಗ್ಯಾರೇಜಿನ ನೆಲದ ಮೇಲೆ ಕೂತು, ಅರವತ್ತೆರಡು ವರ್ಷದ ಗಂಡಸು, ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಫೋನ್ ಮಾಡಿದೆ.

"ಗಾಜು ಬಿತ್ತು," ಅಂದೆ.

"ಇಷ್ಟು ಬೇಗನಾ? ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ ಅಂದಿದ್ಯಲ್ಲೋ ಮೇಸ್ತ್ರಿ." ಮತ್ತೆ ಮೆಲ್ಲಗೆ, "ಓದಿದ್ಯಾ?"

"ಓದಿದೆ. ನೋರೀನ್, ನಿನ್ನನ್ನ ಪ್ರೀತಿಸ್ತೀನಿ ಅಂತ ನಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ."

"ಮೂರು ತಿಂಗಳು ಒಂದೇ ಬಾಗಿಲು ಬಿಚ್ಚಿ ಬಿಚ್ಚಿ ಹಾಕಿದ್ಯಲ್ಲೋ, ಇನ್ನೇನು ಹೇಳ್ಬೇಕಿತ್ತು?" ಅವಳ ದನಿ ಒಡೆಯಿತು. ಆಮೇಲೆ ಕೇಳಿದಳು: "ಸಂದು ಹೇಗಿದೆ ಈಗ?"

ನಾನು ಎದ್ದೆ. ಬಾಗಿಲು ಮುಚ್ಚಿದೆ, ಕಣ್ಣೂ ಮುಚ್ಚಿದೆ. ಎಡಗೈ ಬೆರಳನ್ನು ಮೇಲಿಂದ ಕೆಳಗಿನವರೆಗೆ ಎಳೆದೆ.

"ಸರಿಯಾಗಿದೆ," ಅಂದೆ.

"ಗೊತ್ತು," ಅಂದಳು.