ಘೇಂಡಾಮೃಗದ ಮನೆ ವಿಳಾಸ

"ಟಿವಿ ಆಫ್ ಮಾಡಿ! ಈಗಲೇ!"

ಗಿಲ್‌ರಾಯ್ ಊರಿನ ಊರ್ಮಿಳಾ ಮನೆಯಲ್ಲಿ, ತಂತಮ್ಮ ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿಗೆ ಸೇರಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವನು ಊರ್ಮಿಳಾಳ ಮೈದುನ ಕುಶಲ್. ಕೀನ್ಯಾದ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ವರ್ಷ ದುಡಿದು, ಹೋದ ತಿಂಗಳಷ್ಟೇ ಮರಳಿದ್ದ.

ಟಿವಿಯಲ್ಲಿದ್ದದ್ದು ಊರ್ಮಿಳಾಳ ಗೆಳತಿ ಮಾನ್ಯಾ ತೋರಿಸುತ್ತಿದ್ದ ಸಫಾರಿ ಫೋಟೋ. ಅದೇ ಉದ್ಯಾನದ ಘೇಂಡಾಮೃಗ, ಪಕ್ಕದಲ್ಲಿ ಪುಟ್ಟ ಮರಿ. ಮೂಲೆಯಲ್ಲಿ, ಆ ಜಾಗದ ಮ್ಯಾಪು!

"ಇದನ್ನ ಪೋಸ್ಟ್ ಮಾಡಿದೀರಾ?"

"ಹೂಂ... ನನ್ನ ಪೇಜಲ್ಲಿ. ಮ್ಯಾಪ್ ಸಮೇತ. ಯಾಕ್ರೀ?"

"ಕೊಂಬಿಗೋಸ್ಕರ ಕೊಲ್ಲೋರೂ ಇಂಥದ್ದನ್ನೇ ಹುಡುಕ್ತಿರ್ತಾರೆ ಕಣ್ರೀ!"

ಮಾನ್ಯಾಳಿಗೆ ಅವಮಾನದಿಂದ ಕಣ್ಣು ತುಂಬಿತು. ಎಮರಿವಿಲ್‌ನ ಅನಿಮೇಷನ್ ಸ್ಟುಡಿಯೋದಲ್ಲಿ ಕಾರ್ಟೂನ್ ಪ್ರಾಣಿಗಳಿಗೆ ನಡಿಗೆ ಕೊಡುವ ಹುಡುಗಿ ಅವಳು. ಸಫಾರಿಯ ದಿನ ಅಷ್ಟು ದೊಡ್ಡ ದೇಹ, ಅಷ್ಟು ಮೆತ್ತಗಿನ ಹೆಜ್ಜೆ ಕಂಡು ಜೀಪಿನಲ್ಲೇ ಕೈಮುಗಿದುಬಿಟ್ಟಿದ್ದಳು. ಆ ಬೆರಗನ್ನು ಹಂಚಿಕೊಂಡದ್ದೂ ತಪ್ಪೇ?

"ನಮ್ಮಂಥ ಟೂರಿಸ್ಟ್‌ಗಳು ಬರದಿದ್ರೆ ನಿಮ್ಮ ಪಾರ್ಕು ನಡೆಯುತ್ತಾ?"

"ನಡೆಯಲ್ಲ. ನೀವು ಬರಲೇಬೇಕು. ಆದ್ರೆ ಅದರ ಮನೆ ವಿಳಾಸ ಊರಿಗೆಲ್ಲ ಸಾರಬಾರದು."

ಅಷ್ಟು ಹೇಳಿ ಅವನು ಹಿತ್ತಲಿಗೆ ಹೋಗಿ ಉದ್ಯಾನಕ್ಕೆ ಫೋನ್ ಹಚ್ಚಿದ. ಮಾನ್ಯಾ ಫೋಟೋ ಅಳಿಸಿದಳು. ಆದರೆ ಅದು ಪೇಜಿನಲ್ಲಿ ಹನ್ನೊಂದು ದಿನ ಇತ್ತು!

ಕುಶಲ್ ಬಿಳಿಚಿಕೊಂಡು ಬಂದ. "ತಾಯಿ, ಮರಿ ಎರಡೂ ಆ ಜಾಗದಲ್ಲಿಲ್ಲ. ರೇಂಜರ್‌ಗಳು ಹುಡುಕ್ತಿದಾರೆ."

ಅಂದಿನಿಂದ ಮಾನ್ಯಾ ದಿನಾ ಬೆಳಿಗ್ಗೆ ಕುಶಲ್‌ಗೆ ಮೆಸೇಜು ಹಾಕುತ್ತಿದ್ದಳು. "ಸಿಕ್ತಾ?"

"ಇನ್ನೂ ಇಲ್ಲ. ನೀವು ಊಟ ಬಿಡಬೇಡಿ."

ಸಿಡುಕನೆಂದು ಬೈದುಕೊಂಡಿದ್ದವನ ಉತ್ತರಕ್ಕೆ ಈ ಹುಡುಗಿ ಕಾಯತೊಡಗಿದಳು! ಆ ಮರಿಗಾಗಿ ಕಾಯುತ್ತಿದ್ದೇನೆ ಎಂದು ತನಗೆ ತಾನೇ ಸಮಜಾಯಿಷಿ ಬೇರೆ.

ಒಂಬತ್ತನೆಯ ದಿನ ಉತ್ತರವೇ ಬರಲಿಲ್ಲ.

'ಸತ್ತುಹೋಗಿರಬೇಕು... ಇನ್ನು ನನ್ನ ಮುಖವನ್ನೂ ಅವನು ನೋಡಲಾರ...'

ಮಧ್ಯಾಹ್ನ ಸ್ಟುಡಿಯೋದ ಗೇಟಿನಲ್ಲಿ ಕುಶಲ್ ನಿಂತಿದ್ದ! ಫೋನು ಚಾಚಿದ.

ವಿಡಿಯೋದಲ್ಲಿ ಹಳದಿ ಹುಲ್ಲು ಅಲುಗಿತು. ಮೊದಲು ಕೊಂಬು, ಆಮೇಲೆ ಆ ಮಹಾಕಾಯ. ಅದರ ಹೊಟ್ಟೆಯಡಿಯಿಂದ ಮರಿ ಇಣುಕಿತು. ತಾಯಿ ನಿಂತು ಗಾಳಿ ಮೂಸಿ, ಮರಿಯನ್ನು ಮೂತಿಯಿಂದ ಮೆಲ್ಲಗೆ ಮುಂದಕ್ಕೆ ನೂಕಿತು. ಮಾನ್ಯಾ ಗೇಟಿನ ಬಳಿಯೇ ಮತ್ತೆ ಕೈಮುಗಿದಳು.

"ಇಪ್ಪತ್ತು ಮೈಲಿ ದೂರ ಹೋಗ್ಬಿಟ್ಟಿದ್ವು. ಈಗ ಕಾವಲಿದೆ."

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ? ನನ್ನ ಪ್ರಾಣವೇ ಹೋಗಿತ್ತು!"

"ಮೆಸೇಜಲ್ಲಿ ಹೇಳೋಕೆ ಮನಸ್ಸಾಗ್ಲಿಲ್ಲ. ಇದನ್ನ ನೋಡುವಾಗ ನಿಮ್ಮ ಮುಖ ನೋಡ್ಬೇಕಿತ್ತು." ಅವನು ತಲೆತಗ್ಗಿಸಿದ. "ಮಾನ್ಯಾ... ಅಲ್ಲಿ ಸೇರಿದ ಮೊದಲ ವರ್ಷ ನಾನೂ ಹೀಗೇ ಒಂದು ಫೋಟೋ ಹಾಕಿದ್ದೆ. ಆ ಪ್ರಾಣಿ ಉಳೀಲಿಲ್ಲ. ಅವತ್ತು ನಾನು ಕೂಗಿದ್ದು ನಿಮ್ಮ ಮೇಲಲ್ಲ..."

ಮಾನ್ಯಾ ಅವನ ಕೈ ಹಿಡಿದುಕೊಂಡಳು.

"ನಾಳೆಯಿಂದ ಮೆಸೇಜು ಹಾಕೋಕೆ ನೆಪ ಇಲ್ವಲ್ಲ?"

"ನೆಪ ಬೇಡ. ನನಗೆ ನೀವು ಬೇಕು."

ಅವಳು ಕಣ್ಣೊರೆಸಿಕೊಂಡು ಫೋನು ಎತ್ತಿದಳು. "ಒಂದು ಸೆಲ್ಫಿ?"

"ಲೊಕೇಶನ್ನು?"

"ಆಫ್ ಮಾಡಿದೀನಿ," ಅವಳು ಅವನ ಭುಜಕ್ಕೆ ಒರಗಿದಳು. "ನಾವೆಲ್ಲಿದೀವಿ ಅಂತ ನಮಗೆ ಗೊತ್ತಿದ್ರೆ ಸಾಕು."