ಬಾಚಣಿಗೆಯಲ್ಲಿ ಮಣ್ಣು

“ಏನಯ್ಯಾ ಇದು, ನನ್ನ ತಲೇಲಿ ಮಣ್ಣು!”

ತಿರುಗುವ ಕುರ್ಚಿಯಲ್ಲಿ ಕೂತಿದ್ದ ಡ್ರೈವರ್ ಮಾಮ ಕನ್ನಡಿಯೊಳಗಿನ ತಮ್ಮ ತಲೆಯನ್ನೇ ಕಣ್ಣರಳಿಸಿ ನೋಡಿದರು. ಅರ್ಧ ನರೆತ ಕೂದಲಿನ ನಡುವೆ ಕಪ್ಪು ಪುಡಿ ಉದುರಿತ್ತು. ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆಯ ಮೇಲೆ ಒಂದು ತುಂಡು ಬೇರೂ ಬಿದ್ದಿತ್ತು.

“ಬೆಳಗ್ಗೆ ತಾನೇ ಸ್ನಾನ ಮಾಡಿದೀನಿ ಕಣಯ್ಯಾ. ಅದೂ ಶಾಂಪೂ ಹಾಕಿ!”

ದೊಡ್ಡಪ್ಪ ಕೈಯಲ್ಲಿದ್ದ ಬಾಚಣಿಗೆಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರು. ಅಗಲ ಹಲ್ಲಿನ ಬಾಚಣಿಗೆ. ಹಲ್ಲುಗಳ ಬುಡದಲ್ಲಿ ಮಣ್ಣು ಮೆತ್ತಿಕೊಂಡಿತ್ತು. ನಡುನಡುವೆ ದಾರದಂಥ ಬೇರುಗಳು ಸಿಕ್ಕಿಕೊಂಡಿದ್ದವು.

ಅವರು ಬಾಚಣಿಗೆ ನೋಡಿದರು. ಕಿಟಕಿಯ ಹತ್ತಿರವಿದ್ದ ಗಿಡ ನೋಡಿದರು. ಆಮೇಲೆ ಬೆಂಚಿನ ಮೇಲೆ ಗಣಿತದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ ಹುಡುಗಿಯ ಕಡೆ ನೋಡಿದರು. ಪುಸ್ತಕ ತಲೆಕೆಳಗಾಗಿತ್ತು.

“ಗಡಿಬಿಡೀ...”

ಅದು ಅವಳ ಅಡ್ಡಹೆಸರು. ಹಲ್ಲುಜ್ಜುತ್ತಲೇ ಶೂ ಹಾಕಿಕೊಳ್ಳುವವಳು, ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ತಪ್ಪು ಉತ್ತರ ಹೇಳಿ ಕೂತುಬಿಡುವವಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಅವಳ ಮನೆ, ಕೆಳಗೆ ದೊಡ್ಡಪ್ಪನ ಕಟಿಂಗ್ ಶಾಪ್. ಸ್ಕೂಲ್ ಬಿಟ್ಟ ಮೇಲೆ ಅಮ್ಮ ಆಫೀಸಿನಿಂದ ಬರುವ ತನಕ ಅವಳಿಗೆ ಆ ಬೆಂಚೇ ಗತಿ.

“ನಾನಲ್ಲ,” ಎಂದಳು ಗಡಿಬಿಡಿ ಪುಸ್ತಕದ ಹಿಂದಿನಿಂದ.

“ನಾನಿನ್ನೂ ಏನೂ ಕೇಳೇ ಇಲ್ವಲ್ಲ!”

ಇಷ್ಟಾದ ಮೇಲೆ ಬಾಯಿ ಮುಚ್ಚಿಕೊಂಡು ಕೂರಲು ಅವಳಿಂದ ಆಗಲಿಲ್ಲ. ಪುಸ್ತಕ ಕೆಳಗಿಟ್ಟಳು.

“ಬಾಚಿದೆ.”

“ಏನನ್ನ?”

“ಅಕ್ಕನ ಬೇರನ್ನ.”

ಡ್ರೈವರ್ ಮಾಮ ಹೋ ಎಂದು ನಕ್ಕರು. “ಯಾಕಮ್ಮಾ, ಸಿಕ್ಕಾಗಿತ್ತಾ?” ಎಂದವರು ಕನ್ನಡಿಯಲ್ಲಿ ದೊಡ್ಡಪ್ಪನ ಮುಖ ಕಂಡು ತಟ್ಟನೆ ಸುಮ್ಮನಾದರು.

ಅಕ್ಕ ಎಂದರೆ ಕಿಟಕಿಯ ಬಳಿಯ ಕಾಗದದ ಹೂವಿನ ಗಿಡ. ಯಾರೋ ಕಾಂಪೌಂಡ್ ಗೋಡೆ ಒಡೆಯುವಾಗ ಬುಡಸಮೇತ ಕಿತ್ತು ಬೀದಿಗೆಸೆದಿದ್ದ ಗಿಡವದು. ದೊಡ್ಡಪ್ಪ ಅದರ ಮೊಂಡು ಬುಡವನ್ನು ಎತ್ತಿಕೊಂಡು ಬಂದು, ಕತ್ತರಿಸಿ, ತಂತಿ ಸುತ್ತಿ ಬಾಗಿಸಿ, ತಟ್ಟೆಯಂಥ ಕುಂಡದಲ್ಲಿ ಬೋನ್ಸಾಯ್ ಮಾಡಿದ್ದರು. ಎತ್ತರ ಒಂದೂವರೆ ಅಡಿ. ಆದರೆ ಕಾಂಡ ಮಾತ್ರ ಗಡಿಬಿಡಿಯ ಮುಂಗೈಗಿಂತ ದಪ್ಪ. ಅದು ಅಂಗಡಿಗೆ ಬಂದು ಹನ್ನೊಂದು ವರ್ಷವಾಗಿತ್ತು. “ನಿನಗಿಂತ ಒಂದು ವರ್ಷ ದೊಡ್ಡದು. ಅಕ್ಕ ಅನ್ನು,” ಎಂದು ಅವಳಿಗೆ ಮಾತು ಬರುವಾಗಲೇ ದೊಡ್ಡಪ್ಪ ಹೇಳಿಕೊಟ್ಟಿದ್ದರು. ಬೇರೆ ಅಕ್ಕತಂಗಿಯರಿಲ್ಲದ ಗಡಿಬಿಡಿಗೆ ಇದ್ದದ್ದು ಅದೊಂದೇ ಅಕ್ಕ.

ಈಗ ಅಕ್ಕನ ತುಂಬಾ ಗುಲಾಬಿ ಬಣ್ಣದ ಹೂವಿತ್ತು. ಆದರೆ ಎಲೆಗಳೆಲ್ಲ ಜೋಲುಮೋರೆ ಹಾಕಿಕೊಂಡಿದ್ದವು. ಬೆಳಗ್ಗೆಯಿಂದ ದೊಡ್ಡಪ್ಪ, “ಯಾಕೋ ಬಾಡಿದೆಯಲ್ಲ, ಬಿಸಿಲು ಜಾಸ್ತಿ ಆಯ್ತೇನೋ,” ಎಂದು ಅದನ್ನು ಅತ್ತಿಂದಿತ್ತ ಇಟ್ಟು ನೋಡುತ್ತಲೇ ಇದ್ದರು.

“ನಿನ್ನೆ ನೀವು ಕನ್ನಡಕ ತರೋಕೆ ಹೋಗಿದ್ರಲ್ಲ,” ಗಡಿಬಿಡಿ ಶುರು ಮಾಡಿದಳು. “ನೀರು ಹಾಕು ಅಂತ ಕೀ ಕೊಟ್ಟಿದ್ರಲ್ಲ. ಆಗ ಕುಂಡದ ತಳದ ತೂತಿಂದ ಬೇರು ಹೊರಗೆ ಬಂದಿದ್ದು ಕಾಣಿಸ್ತು. ಪಾಪ, ಶೂ ಬಿಗಿಯಾದ ಹಾಗೆ! ನನ್ನ ಶೂ ಬಿಗಿಯಾದಾಗ ಅಮ್ಮ ಒಂದೇ ವಾರದಲ್ಲಿ ಹೊಸದು ತಂದ್ಲು. ಅಕ್ಕನಿಗೆ ಮಾತ್ರ ಹೊಸ ನೀಲಿ ಕುಂಡ ತಂದು ಎರಡು ತಿಂಗಳಾದ್ರೂ ನೀವು ಹಾಕ್ಲೇ ಇಲ್ಲ. ಅದಕ್ಕೇ ಸರ್‌ಪ್ರೈಸ್ ಕೊಡೋಣ ಅಂತ...”

ಹೋದ ವರ್ಷ ಪುಟಾಣಿ ಆಲದ ಗಿಡಕ್ಕೆ ದೊಡ್ಡಪ್ಪ ಕುಂಡ ಬದಲಾಯಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬೇರಿಗೆ ನೀರು ಚಿಮುಕಿಸಿ, ಹಳೆಯ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಉದ್ದ ಬೆಳೆದದ್ದನ್ನು ನೀಟಾಗಿ ಕ್ರಾಪ್ ಹೊಡೆದಿದ್ದರು. ಆಲದ ಗಿಡ ಕಮಕ್ ಕಿಮಕ್ ಅನ್ನದೆ ಮಾಡಿಸಿಕೊಂಡಿತ್ತು. ಇಷ್ಟೇ ತಾನೇ ಎಂದುಕೊಂಡ ಗಡಿಬಿಡಿ ಅಕ್ಕನನ್ನು ಕುಂಡದಿಂದ ಎತ್ತಿದ್ದಳು. ಹಳೆಯ ಬಾಚಣಿಗೆ ಸಿಗಲಿಲ್ಲವೆಂದು ಅಂಗಡಿಯದ್ದನ್ನೇ ತೆಗೆದುಕೊಂಡಿದ್ದಳು.

“ಬಾಚಿದ್ರೆ ಪಟ್ ಪಟ್ ಅಂತ ಮುರೀತು ದೊಡ್ಡಪ್ಪ. ಮಣ್ಣೆಲ್ಲ ಪುಡಿಪುಡಿ ಆಗಿ ಉದುರಿಹೋಯ್ತು. ಹೆದರಿಕೆ ಆಯ್ತು. ವಾಪಸ್ ಹಳೇ ಕುಂಡಕ್ಕೇ ತುರುಕಿಬಿಟ್ಟೆ. ಬಾಚಣಿಗೆ ತೊಳೆದೆ. ಒಂದು ಸಲ.”

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಕಿಟಕಿಯ ಬಳಿ ಹೋಗಿ ಗಿಡದ ಕಾಂಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿದರು. ಹನ್ನೊಂದು ವರ್ಷ ಅಲುಗಾಡದೆ ನಿಂತಿದ್ದ ಅಕ್ಕ ಸಡಿಲ ಹಲ್ಲಿನಂತೆ ಆಚೀಚೆ ವಾಲಿತು.

“ಮೊದಲು ಅದನ್ನ ನೋಡಿ ಸ್ವಾಮಿ,” ಎಂದರು ಡ್ರೈವರ್ ಮಾಮ. “ನನ್ನ ಕೂದಲೇನು ಓಡಿಹೋಗಲ್ಲ.” ಅರ್ಧ ಕತ್ತರಿಸಿದ ತಲೆ ಹೊತ್ತು, ಬಿಳಿ ಬಟ್ಟೆ ಸುತ್ತಿಕೊಂಡೇ ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು.

ದೊಡ್ಡಪ್ಪ ನೆಲಕ್ಕೆ ಪೇಪರ್ ಹಾಸಿ ಗಿಡವನ್ನು ಕುಂಡದಿಂದ ಹೊರತೆಗೆದರು. ಬೇರು ಅರ್ಧಕ್ಕರ್ಧ ಹರಿದಿತ್ತು. ಜಜ್ಜಿಹೋದ ತುದಿಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸುತ್ತಾ ಹೇಳಿದರು, “ಆಲದ ಬೇರು ತಂತಿ ಇದ್ದ ಹಾಗೆ. ಎಳೆದ್ರೂ ಜಗ್ಗಲ್ಲ. ಕಾಗದದ ಹೂವಿನ ಬೇರು ಹಸುಗೂಸಿನ ಕೂದಲು. ಇದಕ್ಕೆ ಬಾಚಣಿಗೆ ತೋರಿಸಲೇಬಾರದು. ಮಣ್ಣಿನ ಉಂಡೆ ಒಡೆಯದ ಹಾಗೆ ಎತ್ತಿ, ಹಾಗೇ ಹೊಸ ಕುಂಡದಲ್ಲಿ ಕೂರಿಸಬೇಕು.”

“ಶೂ ಬಿಗಿಯಾಗಿತ್ತಲ್ಲ...”

“ಇದಕ್ಕೆ ಶೂ ಸ್ವಲ್ಪ ಬಿಗಿಯಿದ್ರೇನೇ ಇಷ್ಟ. ಆಗಲೇ ಚೆನ್ನಾಗಿ ಹೂ ಬಿಡೋದು. ಹೂ ಮುಗೀಲಿ, ಹೂ ಮುಗೀಲಿ ಅಂತ ನಾನು ಬಡ್ಕೊಂಡಿದ್ದು ಸುಮ್ನೇನಾ? ಹೂ ಬಿಟ್ಟಾಗ ಗಿಡದ ಬಲವೆಲ್ಲ ಹೂವಲ್ಲೇ ಇರುತ್ತೆ. ಅದು ಉದುರಿ, ಬಿಸಿಲು ಏರಿ, ಚಿಗುರು ಒಡೆಯೋ ಹೊತ್ತಲ್ಲಿ ಕೈ ಹಾಕಿದ್ರೆ ಬೇರೂ ಬೇಗ ಹಿಡ್ಕೊಳ್ಳುತ್ತೆ.”

ದಪ್ಪ ಮರಳು ಬೆರೆಸಿದ ಹೊಸ ಮಣ್ಣು ಹಾಕಿ, ಅದೇ ಹಳೆಯ ಕುಂಡದಲ್ಲಿ ಗಿಡ ಕೂರಿಸಿ, ಕಾಂಡ ಅಲ್ಲಾಡದಂತೆ ತಂತಿಯಿಂದ ಕುಂಡಕ್ಕೇ ಕಟ್ಟಿದರು. ಆಮೇಲೆ ಕತ್ತರಿಯನ್ನು ಗಡಿಬಿಡಿಯ ಕೈಗೆ ಕೊಟ್ಟರು.

“ಹೂವೆಲ್ಲ ಕತ್ತರಿಸು.”

“ಹೂವನ್ನಾ? ಯಾಕೆ?”

“ಉಳಿದಿರೋ ಬೇರು ಇಷ್ಟೇ. ಮೇಲೆ ಊಟಕ್ಕೆ ಕೂತಿರೋರು ಇಷ್ಟೊಂದು ಜನ. ಅಡುಗೆ ಮಾಡೋರು ಕೈ ಮುರ್ಕೊಂಡಿರುವಾಗ ಎಷ್ಟು ಜನಕ್ಕೆ ಬಡಿಸ್ತಾರೆ?”

“ನೀವೇ ಮಾಡಿ ದೊಡ್ಡಪ್ಪ. ನಾನು ಇನ್ನೂ ಹಾಳು ಮಾಡ್ತೀನಿ.”

“ನಿಧಾನಕ್ಕೆ ಮಾಡಿದ್ರೆ ಹಾಳಾಗಲ್ಲ.”

ಗಡಿಬಿಡಿ ಮೊದಲ ಗೊಂಚಲನ್ನು ಕತ್ತರಿಸಿದಳು. ಗುಲಾಬಿ ಬಣ್ಣದ ಮೂರು ಕಾಗದಗಳ ನಡುವೆ ಸಾಸಿವೆಯಷ್ಟು ಚಿಕ್ಕ ಬಿಳಿ ಹೂವೊಂದು ಕೂತಿತ್ತು. ಇಷ್ಟು ವರ್ಷ ಅವಳು ಅದನ್ನು ನೋಡಿಯೇ ಇರಲಿಲ್ಲ. ಮೂವತ್ತೆಂಟು ಗೊಂಚಲು ಕತ್ತರಿಸುವಷ್ಟರಲ್ಲಿ ಕಣ್ಣು ಮಂಜಾಗಿ ಎರಡು ಸಲ ನಿಲ್ಲಿಸಬೇಕಾಯಿತು. ಕೊಂಬೆಗಳ ತುದಿಯನ್ನು ದೊಡ್ಡಪ್ಪ ಕತ್ತರಿಸಿದರು. ಕೊನೆಗೆ ಅಕ್ಕ ಎಂಬುದು ನಾಲ್ಕಾರು ಎಲೆ ಅಂಟಿದ ಒಂದು ಕಡ್ಡಿಯ ಹಾಗೆ ನಿಂತಿತ್ತು.

ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಗಾಳಿಯಾಡುವ ಹಾಗೆ ಹೊದಿಸಿ, ಬಿಸಿಲು ಬೀಳದ ಕಡೆ, ವಾಶ್‌ಬೇಸಿನ್ ಪಕ್ಕದ ಮೂಲೆಯಲ್ಲಿ ಇಟ್ಟರು.

“ಮಣ್ಣಿನ ಮೇಲ್ಭಾಗ ಒಣಗಿದ್ರೆ ಮಾತ್ರ ನೀರು. ಗೊಬ್ಬರ ಬೇಡ. ಅಲ್ಲಾಡಿಸೋ ಹಾಗಿಲ್ಲ. ಮತ್ತೆ ದಿನಾ ಬಂದು ಇಣುಕೋ ಹಾಗಿಲ್ಲ. ನಾವು ನೋಡ್ತಾ ನಿಂತ್ರೆ ಬೇರು ಬೇಗ ಬೆಳೆಯಲ್ಲ.”

“ಬದುಕುತ್ತಾ?”

ದೊಡ್ಡಪ್ಪನ ಹತ್ತಿರ ಎಲ್ಲದಕ್ಕೂ ಉತ್ತರವಿರುತ್ತಿತ್ತು. ಈ ಸಲ ಅವರು ಕತ್ತರಿ ಒರೆಸುತ್ತಾ, “ಗೊತ್ತಿಲ್ಲ ಕಣೇ,” ಎಂದರು.

“ಅಯ್ಯೋ, ನನ್ನ ಡ್ಯೂಟಿ!” ಡ್ರೈವರ್ ಮಾಮ ಗಡಿಯಾರ ನೋಡಿ ಎದ್ದರು. ಅರ್ಧ ತಲೆಯ ಮೇಲೆ ಟೋಪಿ ಒತ್ತಿಕೊಂಡು ಓಡಿದರು. ಉಳಿದರ್ಧಕ್ಕೆ ಮರುದಿನ ಬಂದರು.

ಐದು ದಿನದೊಳಗೆ ಇದ್ದ ನಾಲ್ಕಾರು ಎಲೆಗಳೂ ಉದುರಿದವು.

ಇಣುಕಬೇಡ ಎಂದರೆ ಗಡಿಬಿಡಿ ಕೇಳುತ್ತಾಳೆಯೇ? ಸಿಪ್ಪೆಯ ಕೆಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ ಎಂದು ಸೈನ್ಸ್ ಟೀಚರ್ ಹೇಳಿದ್ದರು. ಅವಳು ದಿನಾ ಸಂಜೆ ಪ್ಲಾಸ್ಟಿಕ್ಕಿನೊಳಗೆ ಕೈ ಹಾಕಿ ಕಾಂಡವನ್ನು ಉಗುರಿನಿಂದ ಕೆರೆದು ನೋಡಿದಳು. ಹಸಿರಿತ್ತು. ಮರುದಿನ ಇನ್ನೊಂದು ಕಡೆ ಕೆರೆದಳು. ಅಲ್ಲೂ ಹಸಿರಿತ್ತು. ಏಳನೆಯ ದಿನ ಬಂದು ನೋಡಿದರೆ ಕೆರೆದ ಜಾಗಕ್ಕೆಲ್ಲ ಯಾರೋ ಬ್ಯಾಂಡೇಜ್ ಹಚ್ಚಿದ್ದರು. ಶೇವಿಂಗ್ ಮಾಡುವಾಗ ಗಲ್ಲ ಗೀರಿದರೆ ಹಚ್ಚುತ್ತಾರಲ್ಲ, ಅದೇ ಬ್ಯಾಂಡೇಜ್.

ದೊಡ್ಡಪ್ಪ ಯಾರದೋ ಮೀಸೆ ತಿದ್ದುತ್ತಿದ್ದರು. ತಲೆಯೆತ್ತದೆ, “ಪೇಷಂಟ್ ಮಲಗಿರುವಾಗ ಗಂಟೆಗೊಂದು ಸಲ ಎಬ್ಬಿಸಿ, ಬದುಕಿದ್ದೀಯಾ ಅಂತ ಕೇಳಬಾರದು,” ಎಂದರು.

ಅಂದಿನಿಂದ ಅವಳು ಕೆರೆಯುವುದನ್ನು ಬಿಟ್ಟಳು. ಅಂಗಡಿಗೆ ಬಂದ ಕೂಡಲೇ ಕೈತೊಳೆದು, ಬೆರಳ ತುದಿಯಿಂದ ಮಣ್ಣು ಮುಟ್ಟಿ ನೋಡುವಳು. ಒಣಗಿದ್ದರೆ ಸ್ಪ್ರೇ ಬಾಟಲಿಯಿಂದ ನೀರು. ಇಲ್ಲದಿದ್ದರೆ ಇಲ್ಲ. ಆ ಮೂಲೆಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಸ್ಟೂಲ್ ಕಾಲಿಗೆ ಅಡ್ಡ ಸಿಗುತ್ತಿತ್ತು. ಅದರ ಜಾಗ ಇದ್ದದ್ದು ಬಾಗಿಲ ಹತ್ತಿರ. ಯಾರು ತಂದಿಡುತ್ತಾರಪ್ಪಾ ಎಂದು ಗೊಣಗುತ್ತಾ ಅವಳು ದಿನಾ ಅದನ್ನು ಎತ್ತಿ ವಾಪಸ್ ಇಡುತ್ತಿದ್ದಳು.

“ಈ ಕಡ್ಡಿಗ್ಯಾಕೆ ರೈನ್‌ಕೋಟು?” ಎಂದು ಹೊಸ ಗಿರಾಕಿಗಳು ನಗುತ್ತಿದ್ದರು. ಡ್ರೈವರ್ ಮಾಮ ಮಾತ್ರ ಬಸ್ಸಿಗೆ ಹೋಗುವಾಗ ಬಾಗಿಲಲ್ಲೇ ನಿಂತು, “ಅಕ್ಕ ಹೇಗಿದ್ದಾಳೆ?” ಎಂದು ವಿಚಾರಿಸಿ ಹೋಗುವರು.

ಹದಿನೆಂಟನೆಯ ದಿನ ಒಂದು ಚಿಗುರು ಬಂತು. ಅಂಗಡಿ ಹಾರಿಹೋಗುವ ಹಾಗೆ ಗಡಿಬಿಡಿ ಕಿರುಚಿದಳು. ಕುರ್ಚಿಯಲ್ಲಿದ್ದ ಗಿರಾಕಿಯ ಕಿವಿ ಸ್ವಲ್ಪದರಲ್ಲಿ ಉಳಿಯಿತು. ಆದರೆ ಮೂರೇ ದಿನಕ್ಕೆ ಆ ಚಿಗುರು ಕಪ್ಪಗಾಗಿ ಮುರುಟಿಹೋಯಿತು.

ಆ ಸಂಜೆ ಅವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. “ನಾನೇ ಕೊಂದುಬಿಟ್ಟೆ ಅಮ್ಮ. ದೊಡ್ಡಪ್ಪನಿಗೆ ಬೇಜಾರೇ ಇಲ್ಲ ನೋಡು. ಶಿಳ್ಳೆ ಹಾಕ್ಕೊಂಡು ಕೆಲಸ ಮಾಡ್ತಾರೆ.”

ಅಮ್ಮ ಅವಳ ಜಡೆ ಬಿಚ್ಚುತ್ತಾ, “ನಿಮ್ಮ ದೊಡ್ಡಪ್ಪ ಶಿಳ್ಳೆ ಹಾಕೋದು ಯಾವಾಗ ಅಂತ ನಿನಗಿನ್ನೂ ಗೊತ್ತಿಲ್ಲ,” ಎಂದಳು. ಅದರರ್ಥ ಏನೆಂದು ಗಡಿಬಿಡಿಗೆ ಹೊಳೆಯಲಿಲ್ಲ.

ಇನ್ನೂ ಎರಡು ವಾರ ಕಳೆಯಿತು. ಒಂದು ಬೆಳಗ್ಗೆ ಬ್ಯಾಗ್ ತುಂಬುವಾಗ ಗಣಿತದ ಪುಸ್ತಕ ಅಂಗಡಿಯ ಬೆಂಚಿನ ಮೇಲೆಯೇ ಉಳಿದಿದೆ ಎಂದು ನೆನಪಾಯಿತು. ಗಡಿಬಿಡಿ ಒಂದೇ ಉಸಿರಿಗೆ ಮೆಟ್ಟಿಲಿಳಿದಳು. ಅಂಗಡಿ ತೆರೆಯುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಆದರೆ ಶಟರ್ ಮೊಣಕಾಲಿನಷ್ಟು ಎತ್ತರಕ್ಕೆ ಎದ್ದಿತ್ತು.

ಬಗ್ಗಿ ನೋಡಿದಳು.

ವಾಶ್‌ಬೇಸಿನ್ ಪಕ್ಕದ ಮೂಲೆಯಲ್ಲಿ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಪ್ಲಾಸ್ಟಿಕ್ ಚೀಲವನ್ನು ಪಕ್ಕಕ್ಕೆ ಸರಿಸಿದ್ದರು. ಹೊಸ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಿರಾಕಿಗಳಿಗೆ ತಲೆಯ ಹಿಂಭಾಗ ತೋರಿಸುವ ಕೈಗನ್ನಡಿಯನ್ನು ಅಕ್ಕನ ಬೆನ್ನ ಹಿಂದೆ ಹಿಡಿದಿದ್ದರು. ಅಲ್ಲಾಡುವುದಕ್ಕೂ ಹೆದರಿಕೊಂಡವರ ಹಾಗೆ ಕನ್ನಡಿಯೊಳಗೆ ಇಣುಕುತ್ತಿದ್ದರು. ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದರು.

ಗಡಿಬಿಡಿ ಸ್ಟೂಲನ್ನು ನೋಡಿದಳು. ದಿನಾ ತಾನು ಎತ್ತಿ ಬಾಗಿಲ ಬಳಿ ಇಡುತ್ತಿದ್ದ ಸ್ಟೂಲ್. ದಿನಾ ಮತ್ತೆ ಅಲ್ಲಿಗೇ ಬಂದು ಕೂರುತ್ತಿದ್ದ ಸ್ಟೂಲ್. ಆತಂಕವಾದಾಗಲೇ ದೊಡ್ಡಪ್ಪ ಶಿಳ್ಳೆ ಹಾಕುವುದು ಎಂದು ಅವಳಿಗೆ ಈಗ ಹೊಳೆಯಿತು.

ಅವಳು ಶಟರ್ ಕೆಳಗಿನಿಂದ ನುಸುಳಿ ಒಳಗೆ ಬಂದಳು. “ದಿನಾ ಇಣುಕಬಾರದು ಅಂದಿದ್ದು ಯಾರಪ್ಪಾ?”

ದೊಡ್ಡಪ್ಪ ಬೆಚ್ಚಿಬಿದ್ದರು. “ನಾನಾ? ನಾನು... ಕನ್ನಡಿ ಒರೆಸ್ತಿದ್ದೆ.”

“ಬಟ್ಟೆ ಇಲ್ಲದೇನೇ?”

ದೊಡ್ಡಪ್ಪ ಕೂದಲಿಲ್ಲದ ತಮ್ಮ ತಲೆ ಕೆರೆದುಕೊಂಡರು. ಆಮೇಲೆ ಕನ್ನಡಿಯನ್ನು ಅವಳ ಕಡೆ ವಾಲಿಸಿದರು. ಕಾಂಡದ ಹಿಂಭಾಗದಲ್ಲಿ, ಬ್ಯಾಂಡೇಜಿನ ಪಕ್ಕದಲ್ಲೇ, ಕೆಂಪು ಚುಕ್ಕೆಗಳು ಕಂಡವು. ಒಂದು, ಎರಡು, ಮೂರು. ಮೂರನೆಯದು ಆಗಲೇ ಎರಡು ಪುಟ್ಟ ಎಲೆ ಬಿಡಿಸಿಕೊಂಡು ನಿಂತಿತ್ತು.

“ಒಂಬತ್ತು ದಿನ ಆಯ್ತು ಬಂದು,” ಪಿಸುಗುಟ್ಟಿದರು ದೊಡ್ಡಪ್ಪ. “ಹೋದ ಸಲದ ಹಾಗೆ ಆದ್ರೆ ನೀನು ಮತ್ತೆ ಅಳ್ತೀಯ ಅಂತ ಹೇಳಲಿಲ್ಲ. ಇವತ್ತು ತಳದ ತೂತಲ್ಲೂ ಒಂದು ಬಿಳಿ ಬೇರು ಕಾಣಿಸ್ತು.”

ಗಡಿಬಿಡಿಯ ಕೈ ತಾನಾಗಿಯೇ ಚಿಗುರಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ವಾಪಸ್ ಕರೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಕಿರುಚಲಿಲ್ಲ. ಇಬ್ಬರೂ ತಲೆಗೆ ತಲೆ ತಾಗಿಸಿ ಕನ್ನಡಿಯೊಳಗೆ ನೋಡುತ್ತಾ ಕೂತರು. ಮೇಲಿನಿಂದ ಅಮ್ಮ ಎರಡು ಸಲ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.

“ನೀಲಿ ಕುಂಡ ಯಾವಾಗ ಹಾಕೋಣ?” ಎಂದರು ದೊಡ್ಡಪ್ಪ ತುಂಟತನದಿಂದ.

ಗಡಿಬಿಡಿ ಕೂಡಲೇ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಸ್ವಲ್ಪ ಯೋಚಿಸಿ ಹೇಳಿದಳು, “ಮೊದಲು ಹೂ ಬಿಡಲಿ. ಆಮೇಲೆ ಹೂ ಮುಗೀಲಿ.”

ಆ ದಿನ ಅವಳು ಸ್ಕೂಲಿಗೆ ಹತ್ತು ನಿಮಿಷ ಲೇಟು. ಗಣಿತದ ಪುಸ್ತಕ ಬೆಂಚಿನ ಮೇಲೆಯೇ ಉಳಿಯಿತು.

ಸಂಜೆ ಬಂದಾಗ ಅಂಗಡಿ ತುಂಬಾ ಜನ. ದೊಡ್ಡಪ್ಪನಿಗೆ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಗಡಿಬಿಡಿ ಕೈತೊಳೆದು, ಮಣ್ಣು ಮುಟ್ಟಿ ನೋಡಿದಳು. ಇನ್ನೂ ಹಸಿಯಿತ್ತು. ಸ್ಟೂಲ್ ಎಂದಿನಂತೆ ಆ ಮೂಲೆಯಲ್ಲೇ ಕಾಲಿಗೆ ಅಡ್ಡ ಸಿಕ್ಕಿತು.

ಈ ಸಲ ಅವಳು ಅದನ್ನು ಎತ್ತಿಡಲಿಲ್ಲ. ಅದರ ಮೇಲೆ ಬಿದ್ದಿದ್ದ ಕೂದಲನ್ನು ಕೈಯಿಂದ ಒರೆಸಿ, ನಾಳೆ ಬೆಳಗ್ಗೆಗೆಂದು ಅಲ್ಲೇ ಬಿಟ್ಟಳು.